ಎರಡು ಗಂಟು ಮೆಣಸಿನಕಾಯಿ

ನಾನು ಹುಟ್ಟಾ ಸಂಶಯದವಳು. ಹಾಲಿನವನು ಹಾಲು ಅಳೆಯುವಾಗ ಎಲ್ಲರೂ ಲೀಟರನ್ನು ನೋಡಿದರೆ ನಾನು ಅವನ ಮುಖ ನೋಡುತ್ತೇನೆ. ಮದುವೆಯಾಗಿ ಕುಂದಗೋಳದ ಕಡೆಯ ಹಳ್ಳಿಗೆ ಬಂದ ಮೇಲೆ ಪ್ರತಿ ಬೇಸಿಗೆ ವರ್ಷದ ಖಾರ ಕುಟ್ಟಿಸಲು ಹೋಗುತ್ತಿದ್ದೆ. ಗಿರಣಿಯ ಕಟ್ಟೆಯ ಮೇಲೆ ಮೂಗಿಗೆ ಸೆರಗು ಒತ್ತಿಕೊಂಡು ಕೂತರೆ ಕೊನೆಯ ಚಿಟಿಕೆ ನನ್ನ ಡಬ್ಬಿಗೆ ಬೀಳುವವರೆಗೂ ಏಳುತ್ತಿರಲಿಲ್ಲ. ಒರಳಿನ ತಳದಲ್ಲಿ ಗಿರಣಿಯವನು ಒಂದು ಹಿಡಿ ಉಳಿಸಿಕೊಳ್ಳುತ್ತಾನೆ ಅನ್ನುವುದು ನನ್ನ ಗಟ್ಟಿ ನಂಬಿಕೆಯಾಗಿತ್ತು. ಸೀನಿ ಸೀನಿ ಕಣ್ಣೀರು ಸುರಿಯುವಾಗ ಕಳ್ಳನಾದರೂ ಎಲ್ಲಿ ಕಾಣಬೇಕು? ಆದರೂ ಕೂತಿರುತ್ತಿದ್ದೆ.

ಅಂಥ ನಾನು ಈಗ ಊರೂರು ತಿರುಗಿ ಬೇರೆಯವರ ಖಾರ ಕುಟ್ಟಿಕೊಡುತ್ತೇನೆ. ಇದಕ್ಕೆ ಕಾರಣ ನಮ್ಮ ಮನೆಯವರು ಮತ್ತು ಅವರ ಮೊಬೈಲು. ಅವರು ಒಂದು ಹತ್ತಿ ಕಾರ್ಖಾನೆಯಲ್ಲಿ ತೂಕ ಬರೆಯುವ ಕೆಲಸದಲ್ಲಿದ್ದರು. ಕರೋನಾ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿದ ಕಾರ್ಖಾನೆ ಆಮೇಲೆ ತೆರೆಯಲೇ ಇಲ್ಲ. ಮನೆಯಲ್ಲಿ ಕೂತು ವಿಡಿಯೋ ನೋಡಲು ಹತ್ತಿದರು. ಯಾವುದೋ ದೇಶದ ಗಂಡ ಹೆಂಡತಿ ವ್ಯಾನಿನಲ್ಲೇ ಸಂಸಾರ ಹೂಡಿ, ಇವತ್ತು ಸಮುದ್ರದ ದಂಡೆ, ನಾಳೆ ಗುಡ್ಡದ ನೆತ್ತಿ ಅಂತ ತಿರುಗುವ ವಿಡಿಯೋ. ಯಾರ ಹಂಗೂ ಇಲ್ಲ, ಊರು ಮುಚ್ಚಿದರೆ ಗಾಡಿ ಬಿಟ್ಟುಕೊಂಡು ಮುಂದಿನ ಊರಿಗೆ ಹೋದರಾಯಿತು ಎಂದು ಅವರಿಗೆ ಅದು ತಲೆಗೇರಿತು. ನಾನು ಆ ವಿಡಿಯೋಗಳನ್ನು ಅವರಿಗಿಂತ ಹೆಚ್ಚು ಲಕ್ಷ್ಯ ಕೊಟ್ಟು ನೋಡಿದೆ. ಆ ಹೆಂಗಸು ಬೆಳಗ್ಗೆ ಎದ್ದು ಬಯಲಕಡೆಗೆ ಎಲ್ಲಿ ಹೋಗುತ್ತಾಳೆ ಅನ್ನುವುದನ್ನು ಒಂದರಲ್ಲೂ ತೋರಿಸಲಿಲ್ಲ. ನನಗೆ ಸಂಶಯ ಶುರುವಾದದ್ದೇ ಅಲ್ಲಿ.

ಆದರೆ ಬೇರೆ ದಾರಿಯೂ ಇರಲಿಲ್ಲ. ಇದ್ದ ಹೊಲ ಮೂವರು ಅಣ್ಣತಮ್ಮಂದಿರ ನಡುವೆ ಸಣ್ಣದಾಗಿತ್ತು. ಮಗಳು ಗಂಡನ ಮನೆ ಸೇರಿದ್ದಳು. ಮನೆಯವರು ಹಳೆಯ ಗೂಡ್ಸ್ ಗಾಡಿಯೊಂದನ್ನು ತಂದು, ಹಿಂದೆ ನಾಲ್ಕು ಕಬ್ಬಿಣದ ಒನಕೆಗಳ ಖಾರ ಕುಟ್ಟುವ ಮಶೀನು ಕೂರಿಸಿ, ಅದಕ್ಕೊಂದು ಡೀಸೆಲ್ ಎಂಜಿನ್ ಜೋಡಿಸಿದರು. ಮಶೀನಿಗೂ ಚಾಲಕನ ಸೀಟಿಗೂ ನಡುವೆ ಇಬ್ಬರು ಮಲಗುವಷ್ಟು ಹಲಗೆ. ಮಾಡಿಗೆ ತಾಡಪತ್ರಿ. ಒಂದು ಒಲೆ, ಹಂಚು, ಜೋಳದ ಹಿಟ್ಟು, ಶೇಂಗಾ ಚಟ್ನಿ, ಎರಡು ಕೊಡ ನೀರು. ಮೈದುನನ ಕೈಗೆ ಮನೆ ಒಪ್ಪಿಸಿ ಸಂಕ್ರಮಣದ ಮರುದಿನ ಹೊರಟೆವು. ಮೈದುನನ ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಮ್ಮ ಅಟ್ಟದ ಮೇಲಿನ ತಾಮ್ರದ ಹಂಡೆ ಇನ್ನು ತನ್ನದಾಯಿತೆಂದು ಅವಳಿಗೆ ಸಂತೋಷವಾಗಿತ್ತು ಎಂದು ನಾನು ಈಗಲೂ ಅಂದುಕೊಳ್ಳುತ್ತೇನೆ.

ಇಷ್ಟು ದಿನ ನಾನು ಬೇರೆಯವರ ಮೇಲೆ ಸಂಶಯಪಟ್ಟಿದ್ದೆ. ಈಗ ಊರೂರೇ ನನ್ನ ಮೇಲೆ ಸಂಶಯಪಡತೊಡಗಿತು. ಹೊಸ ಊರಿನಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಯಾರಾದರೂ ಒಬ್ಬರು ಅದರ ಸುತ್ತ ಒಂದು ಸುತ್ತು ಹಾಕಿ ಬರುತ್ತಿದ್ದರು. ಯಾವೂರು, ಯಾರ ಪೈಕಿ, ಹೊಲ ಮನೆ ಇದೆಯೋ ಇಲ್ಲವೋ ಎಂದು ಕೇಳುತ್ತಿದ್ದರು. ಇದೆ ಅಂದರೆ ಸಂಶಯ ಇಮ್ಮಡಿ. ಇಲ್ಲದವರು ತಿರುಗಿದರೆ ಸರಿ, ಇದ್ದವರು ಯಾಕೆ ಬಿಟ್ಟು ತಿರುಗುತ್ತಾರೆ? ಏನೋ ಮಾಡಿಕೊಂಡೇ ಬಂದಿರಬೇಕು. ತಿರ್ಲಾಪುರದ ದಾರಿಯಲ್ಲಿ ಒಬ್ಬ ಮುದುಕಿ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ನೀವು ಓಡಿ ಬಂದವರೇ ಎಂದು ಕೇಳಿದಳು. ನನಗೆ ಆಗ ನಲವತ್ತೇಳು. ಆ ದಿನವೆಲ್ಲ ಸಿಟ್ಟು ಬಂದಿತ್ತು. ಮಾರನೇ ದಿನ ಹಂಚಿನ ಮುಂದೆ ಕೂತಾಗ ನೆನಪಾಗಿ ಒಬ್ಬಳೇ ನಕ್ಕೆ.

ಖಾರದ ವಿಷಯದಲ್ಲಿ ಹೆಂಗಸರು ಏನೇನು ಸಂಶಯಪಡುತ್ತಾರೆ ಎನ್ನುವುದು ನನಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಹಾಗಾಗಿ ನನ್ನದೇ ಕಟ್ಟುನಿಟ್ಟು ಮಾಡಿಕೊಂಡೆ. ಮೆಣಸಿನಕಾಯಿ ತಂದ ಯಜಮಾನಿತಿ ಎದುರಿಗೆ ಕೂತಿರದಿದ್ದರೆ ಗಂಟು ಬಿಚ್ಚುವುದಿಲ್ಲ. ಒಬ್ಬರದು ಮುಗಿದ ಮೇಲೆ ಒರಳಿನ ತಳವನ್ನು ಬಟ್ಟೆಯಿಂದ ಒರೆಸಿ, ಆ ಒರೆಸಿದ್ದನ್ನೂ ಅವರ ಡಬ್ಬಿಗೇ ಹಾಕುವುದು. ಒಬ್ಬರ ಮನೆಯ ಖಾರ ಇನ್ನೊಬ್ಬರದರಲ್ಲಿ ಕೂಡಬಾರದು. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಒಬ್ಬರು ಬರೀ ಬ್ಯಾಡಗಿ ಮೆಣಸಿನಕಾಯಿ ಹಾಕಿದರೆ, ಇನ್ನೊಬ್ಬರು ಖಾರ ಹೆಚ್ಚಾಗಲೆಂದು ಗುಂಟೂರು ಬೆರೆಸುತ್ತಾರೆ. ಯಾರು ಎಷ್ಟು ಉಪ್ಪು, ಎಷ್ಟು ಎಣ್ಣೆ ಸವರುತ್ತಾರೆ ಎನ್ನುವುದು ಆಯಾ ಮನೆಯ ಗುಟ್ಟು. ವರ್ಷವಿಡೀ ಉಣ್ಣುವ ಅನ್ನಕ್ಕೆ ಅದೇ ರುಚಿ. ಕುಟ್ಟಿ ಕೂಡಿಸಿದ ಮೇಲೆ ಬೇರೆ ಮಾಡಲು ಬರುವುದಿಲ್ಲ. ನನ್ನ ಕಟ್ಟುನಿಟ್ಟಿನ ಸುದ್ದಿ ನಮಗಿಂತ ಮುಂದೆ ಹೋಗಿ, ಒಂದು ಊರಿನವರು ಮುಂದಿನ ಊರಿನ ಬೀಗರಿಗೆ ಫೋನ್ ಮಾಡಿ ಹೇಳತೊಡಗಿದರು. ನಮ್ಮ ಹೊಟ್ಟೆ ತುಂಬಿಸಿದ್ದು ಗಾಡಿಯಲ್ಲ, ಎಂಜಿನ್ನಲ್ಲ, ಈ ಒಂದು ಮಾತು.

ಶಲವಡಿಯ ಆಚೆ ಒಂದು ಊರಿನ ಬೇವಿನ ಮರದ ಕೆಳಗೆ ಕೌದಿ ಹೊಲಿಯುವವಳೊಬ್ಬಳು ಸಿಕ್ಕಳು. ಹಳೆಯ ಸೀರೆ ಧೋತರಗಳನ್ನು ಪದರ ಪದರ ಹಾಕಿ ಹೊದಿಕೆ ಹೊಲಿದುಕೊಡುವವರು ನಮ್ಮೂರಿಗೂ ಬರುತ್ತಿದ್ದರು. ಅವರು ಬಂದರೆ ಅತ್ತೆ ಹಿತ್ತಲಿನ ಪಾತ್ರೆಗಳನ್ನು ಒಳಗೆ ತರಿಸುತ್ತಿದ್ದರು. ಇವಳಿಗೆ ಮೂವತ್ತೈದರ ಹತ್ತಿರ ವಯಸ್ಸಿರಬೇಕು. ಜೊತೆಗೆ ಕಣ್ಣು ಮಂಜಾದ ತಾಯಿ. ಗಂಡನ ಮಾತು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಅಜ್ಜನ ಕಾಲದಿಂದ ಗುಡಿಸಲು ಕಿತ್ತು ಗುಡಿಸಲು ಹಾಕುತ್ತ ತಿರುಗುವ ಮಂದಿ. ನಾವು ವಿಡಿಯೋ ನೋಡಿ ಕಲಿಯಲು ಹೊರಟದ್ದು ಅವಳಿಗೆ ಹುಟ್ಟಿನಿಂದ ಬಂದಿತ್ತು.

ಅವಳ ದಾರಿಯೂ ನಮ್ಮ ದಾರಿಯೂ ಒಂದೇ ಆಯಿತು. ಖಾರ ಕುಟ್ಟಿಸಲು ಬಂದ ಹೆಂಗಸರು ಅವಳಿಗೆ ಹಳೆ ಸೀರೆ ತರುತ್ತಿದ್ದರು, ಕೌದಿ ನೋಡಲು ಬಂದವರು ನಮ್ಮನ್ನು ಕೇಳಿ ಹೋಗುತ್ತಿದ್ದರು. ನನಗೆ ಎಷ್ಟೋ ಕಲಿಸಿದಳು. ಹೆಂಗಸರು ನೀರಿಗೆ ಬರುವ ಕೆರೆಯ ದಾರಿಯಲ್ಲಿ ಗಾಡಿ ನಿಲ್ಲಿಸಬಾರದು. ಊರಿಗೆ ಬಂದಾಗ ಹಿರಿಯರಿಗೆ ಹೇಳುವುದು ಎಲ್ಲರಿಗೂ ಗೊತ್ತು, ಬಿಡುವಾಗಲೂ ಹೇಳಿಯೇ ಹೋಗಬೇಕು. ಒಂದೇ ಕೆಲಸಕ್ಕೆ ಬರುವ ಸಾಮಾನನ್ನು ಹೊತ್ತು ತಿರುಗಬಾರದು. ಕಲಿಸುವಾಗೆಲ್ಲ ನಾನು ತಲೆದೂಗುತ್ತಿದ್ದೆ, ಒಳಗೆ ಮಾತ್ರ ಇವಳಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಒಮ್ಮೆ ಮಧ್ಯಾಹ್ನ ಅಡ್ಡಮಳೆ ಬಂತು. ತಾಡಪತ್ರಿ ಗಾಳಿಗೆ ಹಾರಿ, ಹಾಸಿದ್ದ ಊರವರ ಮೆಣಸಿನಕಾಯಿ ತೊಯ್ಯುವುದರಲ್ಲಿತ್ತು. ಅವಳು ಓಡಿ ಬಂದು ತಾನು ಹೊಲಿಯುತ್ತಿದ್ದ ಅರ್ಧ ಕೌದಿಯನ್ನೇ ಅದರ ಮೇಲೆ ಎಸೆದು, ನಾಲ್ಕೂ ಮೂಲೆಗೆ ಕಲ್ಲಿಟ್ಟು, ತಾನು ನೆನೆಯುತ್ತ ನಿಂತಳು. ಮಳೆ ನಿಂತ ಮೇಲೆ ಅವಳು ಕೌದಿ ಹಿಂಡಿ ಒಣಗಲು ಹಾಕಿದಳು. ನಾನು ಮೆಣಸಿನಕಾಯಿ ಕಡಿಮೆಯಾಗಿದೆಯೇ ಎಂದು ನೋಡಿದೆ. ಆಗಿರಲಿಲ್ಲ. ಆಗಿಲ್ಲ ಎಂದು ಗೊತ್ತಾದಾಗ ನನಗೆ ನಿರಾಸೆಯಂಥದ್ದೇನೋ ಆಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಅದಾಗಿ ಎರಡು ವಾರಕ್ಕೆ ನವಲಗುಂದ ತಾಲೂಕಿನ ಇನ್ನೊಂದು ಊರಿಗೆ ಹೋದೆವು. ಅದರ ಹೆಸರು ಹೇಳುವುದಿಲ್ಲ. ಬಿಳಿಜೋಳದ ಸುಗ್ಗಿ ನಡೆದಿತ್ತು. ಹೆಂಗಸರಿಗೆ ಕೂರಲು ಪುರುಸೊತ್ತಿಲ್ಲ, ಗಂಟು ಇಟ್ಟು ಹೊಲಕ್ಕೆ ಹೋಗುತ್ತೇವೆ, ಬರುವಾಗ ಒಯ್ಯುತ್ತೇವೆ ಅಂದರು. ನನ್ನ ಕಟ್ಟುನಿಟ್ಟು ಸಡಿಲಿಸಿದೆ. ನನ್ನ ಮೇಲೆ ಊರಿಗೆ ಇಷ್ಟು ನಂಬಿಕೆ ಬಂದಿದೆಯಲ್ಲ ಎಂದು ಉಬ್ಬಿದ್ದೆ.

ಒಬ್ಬಾಕೆ ಬೆಳಗ್ಗೆಯೇ ಬಂದು ಒಂದು ಗಂಟು ಇಟ್ಟು ಹೋದಳು. ಹಸಿರು ಇಳಕಲ್ ಸೀರೆಯ ಅರ್ಧ ತುಂಡಿನಲ್ಲಿ ಕಟ್ಟಿದ ಗಂಟು. ನಾನು ಕೊಡ ತೆಗೆದುಕೊಂಡು ಕೆರೆಗೆ ಹೋಗಿ ಬರುವಷ್ಟರಲ್ಲಿ ಅದರ ಪಕ್ಕ ಇನ್ನೊಂದು ಗಂಟಿತ್ತು. ಅದೇ ಹಸಿರು, ಅದೇ ಅಂಚು. ಒಂದೇ ಮನೆಯದು, ಎರಡು ಗಂಟು ಮಾಡಿ ತಂದಿದ್ದಾರೆ ಅಂದುಕೊಂಡೆ. ಮನೆಯವರನ್ನು ಕೇಳಲೂ ಇಲ್ಲ, ಅವರು ಎಂಜಿನ್ನಿನ ಗದ್ದಲದಲ್ಲಿದ್ದರು. ಎರಡನ್ನೂ ಬಿಚ್ಚಿ, ಕೂಡಿಸಿ ಕುಟ್ಟಿ, ಒಂದೇ ದೊಡ್ಡ ಡಬ್ಬಿಗೆ ತುಂಬಿದೆ. ಒಂದು ತುಂಡು ಬಟ್ಟೆಯನ್ನು ಡಬ್ಬಿಯ ಬಾಯಿಗೆ ಕಟ್ಟಿದೆ. ಇನ್ನೊಂದು ಉಳಿಯಿತು. ಪಕ್ಕದಲ್ಲಿ ಕೂತು ಹೊಲಿಯುತ್ತಿದ್ದ ಅವಳ ಕಡೆ ಎಸೆದು, ಖಾರ ಹತ್ತಿದೆ, ಒಗೆದು ನಿನ್ನ ಕೌದಿಗೆ ಹಾಕಿಕೋ ಅಂದೆ. ಅವಳು ಅದನ್ನು ಝಾಡಿಸಿ, ಸೀನಿ, ನಕ್ಕು, ತನ್ನ ಚಿಂದಿಯ ರಾಶಿಯಲ್ಲಿ ಇಟ್ಟುಕೊಂಡಳು.

ಮಧ್ಯಾಹ್ನ ಮೊದಲಿನವಳು ಬಂದು ಡಬ್ಬಿ ಎತ್ತಿದಳು. ಅದರ ಭಾರಕ್ಕೆ ಒಂದು ಕ್ಷಣ ನಿಂತಳು. ನನ್ನ ಮುಖ ನೋಡಿದಳು. ಡಬ್ಬಿಯನ್ನು ತಲೆಯ ಮೇಲೆ ಇಟ್ಟುಕೊಂಡು ಹೋದಳು. ಹಾಲಿನವನ ಮುಖ ಓದುವ ನಾನು ಆ ಮುಖವನ್ನು ಓದಲಿಲ್ಲ.

ಹೊತ್ತು ಇಳಿಯುವ ಮೊದಲು ಇನ್ನೊಬ್ಬಳು ಬಂದು ತನ್ನ ಗಂಟು ಕೇಳಿದಳು. ನನಗೆ ಗಂಟೇ ಗೊತ್ತಿಲ್ಲ. ನಿಮ್ಮ ಯಜಮಾನರಿಗೆ ಹೇಳಿ ಇಟ್ಟಿದ್ದೆ ಅಂದಳು. ಮನೆಯವರು ಹೌದು, ಯಾರೋ ಒಬ್ಬರು ಇಟ್ಟರು, ನಾನು ತಲೆಯಾಡಿಸಿದೆ ಅಂದರು. ಇಟ್ಟ ಗಂಟು ಎಲ್ಲಿ ಹೋಯಿತು? ಮಂದಿ ಕೂಡಿದರು. ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಯಾರೂ ಕೇಳಲಿಲ್ಲ, ಎಲ್ಲರ ಕಣ್ಣೂ ತಾವಾಗಿಯೇ ಅಲ್ಲಿಗೆ ಹೋದವು. ಇಬ್ಬರು ಹೆಂಗಸರು ಹೋಗಿ ಅವಳ ಚಿಂದಿಯ ರಾಶಿ ಕೆದರಿದರು. ಹಸಿರು ತುಂಡು ಹೊರಗೆ ಬಂತು. ಇನ್ನೂ ಖಾರದ ಘಾಟು ಹೊಡೆಯುತ್ತಿತ್ತು.

ಗಂಟು ಕಳೆದುಕೊಂಡವಳು ಅದನ್ನು ಕಿತ್ತುಕೊಂಡು, ಇದು ನಮ್ಮ ಅತ್ತೆಯ ಸೀರೆ, ಅತ್ತೆ ತೀರಿ ಮನೆ ಎರಡು ಪಾಲಾದಾಗ ನಾನೂ ನನ್ನ ನೆಗೆಣ್ಣಿಯೂ ನಡುವೆ ಹರಿದು ಅರ್ಧರ್ಧ ಹಂಚಿಕೊಂಡಿದ್ದು ಅಂದಳು. ನನಗೆ ಎಲ್ಲವೂ ಆ ಒಂದು ಮಾತಿನಲ್ಲಿ ತಿಳಿಯಿತು. ಎರಡು ಗಂಟು, ಎರಡು ಮನೆ, ಅಣ್ಣತಮ್ಮಂದಿರನ್ನು ಮದುವೆಯಾಗಿ ಮಾತು ಬಿಟ್ಟ ಇಬ್ಬರು ನೆಗೆಣ್ಣಿಯರು. ಇಬ್ಬರದನ್ನೂ ನಾನೇ ಕೂಡಿಸಿ ಕುಟ್ಟಿ, ಒಬ್ಬಳ ತಲೆಯ ಮೇಲೆ ಹೊರಿಸಿ ಕಳಿಸಿದ್ದೆ.

ಕೌದಿಯವಳು ಸೂಜಿ ಕೆಳಗಿಟ್ಟು ಎದ್ದಳು. ಹೆದರಿದಂತೆ ಕಾಣಲಿಲ್ಲ. ಉತ್ತರ ಈ ಅಕ್ಕನ ಹತ್ತಿರ ಇದೆಯಲ್ಲ, ಯಾಕೆ ಹೆದರಬೇಕು ಅನ್ನುವ ಹಾಗೆ ನನ್ನ ಕಡೆ ತಿರುಗಿದಳು.

"ಮುಂಜಾನೆ ನೀವ ಕೊಟ್ರೆಲ್ಲ ಅಕ್ಕಾರ. ಒಗದು ಕೌದಿಗೆ ಹಾಕ್ಕೋ ಅಂದ್ರಿ."

ಎಲ್ಲರೂ ನನ್ನನ್ನು ನೋಡಿದರು. ಹೌದು ಅಂದರೆ ಇಬ್ಬರ ಖಾರ ಕೂಡಿಸಿದವಳು ಎಂದು ನನ್ನ ಹೆಸರು ಮರುದಿನವೇ ಹತ್ತು ಊರಿಗೆ ಹೋಗುತ್ತದೆ. ಗಾಡಿ ಮಾರಿ ಮೈದುನನ ಬಾಗಿಲಿಗೆ ಹೋಗಿ ನಿಲ್ಲಬೇಕಾಗುತ್ತದೆ. ಇಷ್ಟು ಯೋಚನೆಗೆ ಎಷ್ಟು ಹೊತ್ತು ಬೇಕು? ಒಂದು ಸಲ ಉಗುಳು ನುಂಗುವಷ್ಟು.

"ನನಗ ನೆನಪಿಲ್ಲವಾ," ಅಂದೆ.

ಮೊದಲಿನವಳು, ಆ ಹಿರಿಯ ನೆಗೆಣ್ಣಿ, ಗುಂಪಿನ ಹಿಂದೆ ನಿಂತಿದ್ದಳು. ಡಬ್ಬಿಗೆ ಕಟ್ಟಿದ ಉಳಿದರ್ಧ ಸೀರೆ ಅವಳ ಮನೆಯಲ್ಲಿತ್ತು. ಅವಳು ನೆಲ ನೋಡುತ್ತಿದ್ದಳು. ನಾನು ಅವಳನ್ನು ನೋಡಿದೆ, ಅವಳು ನನ್ನನ್ನು ನೋಡಲಿಲ್ಲ.

ಊರಿನ ಹಿರಿಯರೊಬ್ಬರು ಬಡಿಯುವುದು ಬೈಯುವುದು ಬೇಡ, ಸುಮ್ಮನೆ ಊರು ಬಿಡಲಿ ಅಂದರು. ಅದೇ ದೊಡ್ಡ ಉಪಕಾರ ಎಂದು ಎಲ್ಲರೂ ಒಪ್ಪಿದರು. ಅವಳು ಬೈಯಲಿಲ್ಲ, ಅಳಲಿಲ್ಲ. ಗುಡಿಸಲು ಕಿತ್ತು, ಕಟ್ಟಿ, ತಾಯಿಯನ್ನು ಎಬ್ಬಿಸಲು ಒಂದು ಚಹಾ ಕುದಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಹೋಗುವ ಮುಂಚೆ ಆ ಹಿರಿಯರ ಎದುರು ನಿಂತು, ಹೋಗಿ ಬರುತ್ತೇವೆ ಎಂದು ಹೇಳಿಯೇ ಹೋದಳು.

ನಾನು ಮಾಡಿದ್ದು ಇಷ್ಟಕ್ಕೆ ಮುಗಿಯಲಿಲ್ಲ. ಗಂಟು ಕಳೆದುಕೊಂಡವಳಿಗೆ ನಮ್ಮ ಮನೆಗೆಂದು ಇಟ್ಟುಕೊಂಡಿದ್ದ ಬ್ಯಾಡಗಿ ಮೆಣಸಿನಕಾಯಿಯನ್ನೆಲ್ಲ ಕುಟ್ಟಿ ಕೊಟ್ಟೆ. ತಪ್ಪು ತನ್ನದಲ್ಲದಿದ್ದರೂ ಕೊಟ್ಟಳು ಎಂದು ಊರು ಹೊಗಳಿತು. ದೊಡ್ಡ ಮನಸ್ಸಿನವಳು ಅಂದಿತು. ಆ ಹೊಗಳಿಕೆಯ ಬೆನ್ನು ಹತ್ತಿ ಮತ್ತೆ ನಾಲ್ಕು ಊರಿನಿಂದ ಕರೆ ಬಂತು. ದಾರಿಯಲ್ಲಿ ಮನೆಯವರು ಗಾಡಿ ನಡೆಸುತ್ತ, ಮುಂದಿನ ರಸ್ತೆ ನೋಡುತ್ತಲೇ ಕೇಳಿದರು.

"ಆ ಹಸರು ಅರಬಿ ನೀನ ಆಕಿ ಕಡೆ ಒಗದಿದ್ದೆಲ್ಲ?"

ಗದ್ದಲದಲ್ಲಿ ನಿಮಗೇನು ಕಂಡೀತು ಎಂದು ನಾನು ಅವರ ಮೇಲೆಯೇ ಏರಿಹೋದೆ. ಅವರು ಮತ್ತೆ ಕೇಳಲಿಲ್ಲ. ಕಂಡಿದ್ದರೆ ಅಲ್ಲೇ ಯಾಕೆ ಹೇಳಲಿಲ್ಲ ಎಂದು ಅವರನ್ನು ಕೇಳುವ ಧೈರ್ಯ ನನಗೂ ಆಗಲಿಲ್ಲ. ನಾವು ಯಾರ ಹಂಗಿನಲ್ಲೂ ಇಲ್ಲ ಅನ್ನುವುದನ್ನು ಅವರು ಅವತ್ತಿನಿಂದ ಯಾರ ಮುಂದೆಯೂ ಆಡಿಲ್ಲ.

ಮೂರು ಬೇಸಿಗೆ ಕಳೆದವು. ಆ ಊರಿನವರು ಪ್ರತಿ ವರ್ಷ ಕರೆದರು, ನಾನು ಏನೋ ಒಂದು ನೆಪ ಹೇಳಿದೆ. ಎಲ್ಲಿ ಕೌದಿಯವರು ಕೂತಿದ್ದರೂ ಗಾಡಿ ನಿಲ್ಲಿಸಿ ಮುಖ ನೋಡುತ್ತಿದ್ದೆ. ಹೋದ ಮಾಘದಲ್ಲಿ ಮಿಶ್ರಿಕೋಟಿಯಿಂದ ಕಲಘಟಗಿ ಸಂತೆಗೆ ಹೋದಾಗ ಅವಳು ಸಿಕ್ಕಳು. ಒಂದು ಗೋಡೆಯ ನೆರಳಿಗೆ ಒಬ್ಬಳೇ ಹೊಲಿಯುತ್ತ ಕೂತಿದ್ದಳು. ಪಕ್ಕದಲ್ಲಿ ತಾಯಿ ಇರಲಿಲ್ಲ. ನನ್ನನ್ನು ಗುರುತಿಸಿ, ಕೂರ್ರಿ ಅಂದಳು. ಚೀಲದಿಂದ ನನ್ನದೊಂದು ಸೀರೆ ತೆಗೆದು ಇದನ್ನು ಕೌದಿಗೆ ಹಾಕಿಕೋ ಎಂದು ಚಾಚಿದೆ.

ಅವಳು ಕೈ ಮುಂದೆ ಮಾಡಲಿಲ್ಲ. ಬಳೆ ಮಾರುವವಳನ್ನೂ, ಮೆಂತ್ಯ ಸೊಪ್ಪಿನವಳನ್ನೂ, ದಾರಿಯಲ್ಲಿ ಹೊರಟಿದ್ದ ಇನ್ನೊಬ್ಬಳನ್ನೂ ಕರೆದು ಹತ್ತಿರ ನಿಲ್ಲಿಸಿಕೊಂಡಳು.

"ಈಗ ಹೇಳ್ರಿ ಅಕ್ಕಾರ. ಇವರ ಮುಂದ ಹೇಳ್ರಿ, ಈ ಸೀರಿ ನೀವ ಕೊಟ್ಟೀರಿ ಅಂತ."

ನಾನೇ ಕೊಟ್ಟಿದ್ದೇನೆ ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಅವಳಿಗೆ ಮಾತ್ರ ಕೇಳುವಂತೆ, ಅವತ್ತೂ ನಾನೇ ಕೊಟ್ಟಿದ್ದೆ ಅಂದೆ. ಅವಳು ಸೀರೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಸೂಜಿಗೆ ದಾರ ಪೋಣಿಸಿದಳು.

"ಅದನ್ನ ಆ ಊರಾಗ ಹೇಳ್ರಿ. ಮೂರು ವರ್ಷಾತು, ಆ ಕಡೆ ಹತ್ತೂರಾಗ ನಮ್ಮನ್ನ ಯಾರೂ ನಿಂದ್ರಾಕ ಬಿಡಂಗಿಲ್ಲ."

ಮರುವಾರವೇ ಹೋದೆ. ಎಂಜಿನ್ ಚಾಲೂ ಮಾಡುವ ಮೊದಲು, ಹೆಂಗಸರೆಲ್ಲ ಗಂಟು ಹಿಡಿದು ಕೂತಿರುವಾಗಲೇ ಎದ್ದು ನಿಂತು ಹೇಳಿದೆ. ಎರಡು ಗಂಟನ್ನು ಕೂಡಿಸಿ ಕುಟ್ಟಿದವಳು ನಾನು, ಬಟ್ಟೆ ಕೊಟ್ಟವಳೂ ನಾನು, ನೆನಪಿಲ್ಲ ಅಂದದ್ದು ಸುಳ್ಳು, ಅವಳು ಏನೂ ಕದ್ದಿರಲಿಲ್ಲ. ಒಂದೂ ಬಿಡದೆ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ.

ಯಾರೂ ಬೈಯಲಿಲ್ಲ. ಅವತ್ತು ಗಂಟು ಕಳೆದುಕೊಂಡವಳೇ ಮೊದಲು ನಕ್ಕಳು.

"ಆಕಿನ್ನ ಉಳಸಾಕ ತಪ್ಪು ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ. ಅಂಥವರು ಎಲ್ಲಿ ಸಿಕ್ರೂ ಹಿಂಗ ಅತ್ತು ಕರದು ಮನಸು ತಿರಗಸ್ತಾರ್ರಿ."

ಇಲ್ಲ, ನಿಜವಾಗಿಯೂ ನಾನೇ ಎಂದು ಆಣೆ ಮಾಡಿದೆ. ನಾನು ಹೇಳಿದಷ್ಟೂ ಅವರ ಮುಖದಲ್ಲಿ ನನ್ನ ಮೇಲಿನ ಮರ್ಯಾದೆ ಹೆಚ್ಚುತ್ತ ಹೋಯಿತು. ಅಲ್ಲಿ ನಿಜ ಗೊತ್ತಿದ್ದವಳು ಇನ್ನೊಬ್ಬಳೇ. ಹಿರಿಯ ನೆಗೆಣ್ಣಿ ಸಾಲಿನ ಮೊದಲಿಗೇ ಕೂತಿದ್ದಳು. ನಾನು ಅವಳ ಎದುರು ಹೋಗಿ ನಿಂತು, ನೀವಾದರೂ ಹೇಳಿ ಎಂದು ಕೇಳಿಕೊಂಡೆ. ಈ ಸಲ ಅವಳು ನೆಲ ನೋಡಲಿಲ್ಲ. ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಹೌದ್ರಿ, ದೊಡ್ಡ ಮನಸು ನಿಮ್ದು," ಅಂದಳು. ಆಮೇಲೆ ತನ್ನ ಗಂಟನ್ನು ನನ್ನ ಕಡೆ ಸರಿಸಿ, ತನ್ನದನ್ನು ಮೊದಲು ಕುಟ್ಟಿಕೊಡಲು ಹೇಳಿದಳು.